ಗೋಡೆ ಕಡೆ ತಿರುಗಿ ನಿಲ್ಲುತ್ತಿದ್ದವರು

ಅವರ ಶಿವಗಣಾರಾಧನೆಯ ಕಾರ್ಡು ನನ್ನ ಅಂಗಡಿಯ ಮೇಜಿನ ಡ್ರಾದಲ್ಲಿ ಇನ್ನೂ ಇದೆ. ಎಸೆಯಲು ಮನಸ್ಸಾಗಿಲ್ಲ. ಕಾರ್ಡಿನಲ್ಲಿ ಅವರ ಹೆಸರು ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ಆದರೆ ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೋದವರ ಮೇಲಿನ ಗೌರವಕ್ಕೆ ಎಂದುಕೊಳ್ಳಬೇಡಿ, ಬೇರೆ ಕಾರಣವಿದೆ, ಹೇಳುತ್ತೇನೆ. ಸಕಲೇಶಪುರದ ಸುತ್ತಮುತ್ತ ಕಾಫಿ ಬೆಳೆಯುವವರಿಗೆಲ್ಲ ಅವರು ಬರೀ ಮ್ಯಾನೇಜರ್. ನನಗೂ ಅಷ್ಟೇ.

ನನ್ನದು ಕಂಪ್ಯೂಟರ್ ಮಾರುವ, ರಿಪೇರಿ ಮಾಡುವ ಅಂಗಡಿ. ಅವರಿದ್ದದ್ದು ಊರ ಹೊರಗಿನ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ. ಬೆಳೆಗಾರರು ಒಣಗಿಸಿ ತಂದ ಕಾಫಿಯ ಸಿಪ್ಪೆ ಬಿಡಿಸಿ, ಬೀಜವನ್ನು ದಪ್ಪ ಸಣ್ಣ ಎಂದು ವಿಂಗಡಿಸಿ, ಮಾರಾಟವಾಗುವ ತನಕ ಸ್ಟೋರಿನಲ್ಲಿ ಕಾಪಾಡುವ ಕಾರ್ಖಾನೆ ಅದು. ಮಾಲೀಕರು ಅಣ್ಣತಮ್ಮಂದಿರು. ಅಲ್ಲಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಗೇಟಿನೊಳಗೆ ಬೈಕು ನಿಲ್ಲಿಸುವಾಗ ಮೆಷಿನ್ನಿನ ಸದ್ದಿಗಿಂತ ಮೊದಲು ಕಿವಿಗೆ ಬೀಳುತ್ತಿದ್ದುದು ದೊಡ್ಡ ಯಜಮಾನರ ಗಂಟಲು. ಮ್ಯಾನೇಜರನ್ನು ಹೆಸರು ಹಿಡಿದು ಕೂಗುತ್ತಿದ್ದವರು ಅವರೊಬ್ಬರೇ. ಕಾಫಿ ಒಣಹಾಕಿದ ಕಣದ ಈ ತುದಿಯಲ್ಲಿ ನಿಂತು ಆ ತುದಿಗೆ ಕೇಳುವಂತೆ ಕೂಗುತ್ತಿದ್ದರು. ಇಬ್ಬರೂ ಬೆಳಗೋಡಿನ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರಂತೆ. ಚಿಕ್ಕ ಯಜಮಾನರಿಂದ ಹಿಡಿದು ಚೀಲ ಹೊಲಿಯುವ ಹೆಂಗಸರವರೆಗೆ ಉಳಿದವರೆಲ್ಲರ ಬಾಯಲ್ಲಿ ಅವರು "ಮ್ಯಾನೇಜ್ರೇ".

ತೆಳ್ಳಗಿನ ಆಳು. ತುಂಬುತೋಳಿನ ಶರಟು, ಅದರ ಜೇಬಿನಲ್ಲಿ ಸದಾ ನಾಲ್ಕಾರು ಕಾಫಿ ಬೀಜ. ಮಾತಾಡುತ್ತಾ ಒಂದನ್ನು ಬಾಯಿಗೆ ಹಾಕಿ ಕಟ್ ಎಂದು ಕಚ್ಚಿ, ಸದ್ದು ಕೇಳಿಯೇ "ಇನ್ನೊಂದು ಬಿಸಿಲು ಬೇಕು" ಎನ್ನುತ್ತಿದ್ದರು. ನನ್ನ ಬಿಲ್ಲನ್ನೂ ಹಾಗೇ ಕಚ್ಚಿ ನೋಡಿದಂತೆ ನೋಡುತ್ತಿದ್ದರು. ಯಾವ ತೊಂದರೆ ತಂದು ಮುಂದಿಟ್ಟರೂ ಅವರ ಮೊದಲ ಮಾತು "ನೋಡಾನ ಬುಡು". ಬೆಳೆಗಾರರು ಅವರ ಆ ಒಂದು ಮಾತು ಕೇಳಿಕೊಂಡು ಹೋಗಲಿಕ್ಕೇ ಬರುತ್ತಿದ್ದರೇನೋ ಎಂದು ನನಗೆ ಅನುಮಾನ.

ಅವರದ್ದೊಂದು ವಿಚಿತ್ರ ಅಭ್ಯಾಸವಿತ್ತು. ಇನ್ನೊಬ್ಬರು ತಮ್ಮ ಬೀಗ ತೆಗೆಯುವಾಗ ಅವರು ನೋಡುತ್ತಿರಲಿಲ್ಲ. ಗೋಡೆ ಕಡೆ ತಿರುಗಿಬಿಡುತ್ತಿದ್ದರು. ಬೀಗ ಯಾವುದಾದರೂ ಸರಿ, ಕಬ್ಬಿಣದ್ದೋ, ಫೋನಿನದ್ದೋ. ಒಮ್ಮೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿದು ನಾನು ಫೋನಿನಲ್ಲಿ ದುಡ್ಡು ಕೊಡುತ್ತಿದ್ದೆ. ಪಿನ್ ಒತ್ತಲು ಹೋದದ್ದೇ ತಡ, ಇವರು ಗೋಡೆಗೆ ಮುಖ ಮಾಡಿ ಅಲ್ಲಿದ್ದ ಕ್ಯಾಲೆಂಡರನ್ನು ಗಟ್ಟಿಯಾಗಿ ಓದತೊಡಗಿದರು. "ಸೋಮವಾರ, ಷಷ್ಠಿ. ಮಂಗಳವಾರ, ಸಪ್ತಮಿ." ಹೋಟೆಲಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನನಗೆ ಮುಜುಗರ.

"ತಿರುಗಿದ್ದು ಸರಿ, ಓದೋದ್ಯಾಕೆ ಸರ್?" ಎಂದೆ.

"ಬರೀ ತಿರುಗಿದ್ರೆ, ಓರೆಗಣ್ಣಲ್ಲಿ ನೋಡ್ತಾವ್ನೇನೋ ಅಂತ ನಿಂಗೆ ಅನ್ಸಲ್ವೇನಯ್ಯ? ಓದ್ತಿದ್ರೆ ಗೊತ್ತಾಯ್ತದೆ ನೋಡು, ಕಣ್ಣು ಎಲ್ಲೈತೆ ಅಂತ."

ಇದು ಅವರಿಗೆ ಸ್ಟೋರು ಕಲಿಸಿದ ಪಾಠವಿರಬೇಕು. ಬ್ಯಾಂಕಿಗೆ ಅಡವಿಟ್ಟ ಕಾಫಿ ಇರುವ ಸ್ಟೋರಿನ ಬಾಗಿಲಿಗೆ ಎರಡು ಬೀಗ. ಒಂದು ಬ್ಯಾಂಕಿನದು, ಒಂದು ವರ್ಕ್ಸಿನದು. ಎರಡು ಕಡೆಯವರೂ ಬಂದು ನಿಂತರಷ್ಟೇ ಬಾಗಿಲು ತೆರೆಯುವುದು. ಇಷ್ಟು ಕಾಲದಲ್ಲಿ ಆ ಬಾಗಿಲ ಬಳಿ ಒಂದು ಜಗಳವೂ ಆಗಿಲ್ಲ ಎಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದರು.

ನಮ್ಮ ಬ್ಯಾಕಪ್ಪಿನ ರಾಮಾಯಣಕ್ಕೆ ಬರುತ್ತೇನೆ. ವರ್ಕ್ಸಿನ ಲೆಕ್ಕವೆಲ್ಲ ಒಂದೇ ಕೋಣೆಯ ಒಂದೇ ಸರ್ವರಿನಲ್ಲಿತ್ತು. ಅದರ ನಕಲು ಪಕ್ಕದ ಶೆಲ್ಫಿನ ಡಿಸ್ಕಿನಲ್ಲಿ. ಬೆಂಕಿಯೋ ಸಿಡಿಲೋ ಬಂದರೆ ಅಸಲು ನಕಲು ಎರಡೂ ಒಟ್ಟಿಗೇ ಹೋಗುತ್ತವೆ, ಇನ್ನೊಂದು ನಕಲು ಬೇರೆ ಜಾಗದಲ್ಲಿ ಇರಲೇಬೇಕು ಎಂದು ನಾನು ಹೋದಾಗಲೆಲ್ಲ ಗೊಣಗುತ್ತಿದ್ದೆ. ಮ್ಯಾನೇಜರ್ ತಕ್ಷಣ ಒಪ್ಪಿದರು. "ಬೇರೆ ಜಾಗ ಅಂದ್ರೆ ಎಲ್ಲಿ?" ಎಂದರು. ಆ ಒಂದು ಪ್ರಶ್ನೆಗೆ ಉತ್ತರ ಸಿಗುವಷ್ಟರಲ್ಲಿ ಒಂದು ಮಳೆಗಾಲ ಮುಗಿಯಿತು.

ಡಿಸ್ಕಿಗೆ ನಕಲು ಮಾಡಿ, ವಾರಕ್ಕೊಮ್ಮೆ ದೊಡ್ಡ ಯಜಮಾನರ ಹೆಗ್ಗದ್ದೆ ಎಸ್ಟೇಟಿಗೆ ಕಳಿಸೋಣ ಎಂದೆ. ಎಸ್ಟೇಟಿನ ಜೀಪು ಹೇಗೂ ಬಂದು ಹೋಗುತ್ತದೆ. ಚಿಕ್ಕ ಯಜಮಾನರು ಕೂತಲ್ಲೇ ಕೆಂಪಾದರು. "ಲೆಕ್ಕ ಎಲ್ಲ ಅಣ್ಣನ ಮನೇಲಿ ಇಡೋದಾದ್ರೆ ನಾನ್ಯಾಕೆ ಇಲ್ಲಿ ಬಂದು ಕೂರ್ಬೇಕು?" ಸರಿ, ಹಾಗಾದರೆ ಬೆಳಗೋಡಿನ ಚಿಕ್ಕ ಯಜಮಾನರ ಮನೆ. ದೊಡ್ಡವರು ಸರಕ್ಕನೆ ಎದ್ದು ಕಣಕ್ಕೆ ಹೋದರು. ಆಲೂರಿನಲ್ಲಿದ್ದ ಅವರಿಬ್ಬರ ತಂಗಿಯನ್ನು ಕೇಳಿದರೆ ಆಯಮ್ಮ ಫೋನಿನಲ್ಲೇ ಕೈಮುಗಿದರು: "ನನ್ನ ನಡುವೆ ಎಳೀಬ್ಯಾಡಿ ಕಣ್ರೀ." ಹಾಸನದ ಬ್ಯಾಂಕ್ ಲಾಕರಿನಲ್ಲಿ ಇಡಬಹುದಿತ್ತು. ಆದರೆ ಪ್ರತಿ ವಾರ ಹೋಗುವವರು ಯಾರು, ಲಾಕರು ಯಾರ ಹೆಸರಿನಲ್ಲಿ? ಬೇಸತ್ತು ನಾನು ಮ್ಯಾನೇಜರಿಗೇ ಹೇಳಿದೆ, ನೀವೇ ಊಟದ ಬ್ಯಾಗಿನಲ್ಲಿ ಒಯ್ದು ಮನೆಯಲ್ಲಿಟ್ಟುಕೊಳ್ಳಿ ಎಂದು. ಅವರು ನನ್ನನ್ನು ಹುಚ್ಚನನ್ನು ನೋಡಿದಂತೆ ನೋಡಿದರು.

"ನಂಗೊಂದಿನ ಜ್ವರ ಬಂದು ಮಲೀಕಂಡ್ರೆ, ಎಲ್ಲ ಹೊತ್ಕಂಡ್ ಹೋಗ್ಬುಟ್ಟ ಅಂತಾರೆ ಮಾರಾಯ. ಈ ವಯಸ್ನಲ್ಲಿ ಬೇಕಾ ನಂಗದು?"

ಕಂಪ್ಯೂಟರ್ ಕೆಲಸ ಎಂದುಕೊಂಡು ಹೋದವನು ನಾನು, ಒಂದು ಮನೆಯ ಪಾಲುಪಟ್ಟಿಯೊಳಗೆ ಕಾಲಿಟ್ಟಿದ್ದೆ. ನಕಲು ಯಾರ ಮನೆಯಲ್ಲಿರುತ್ತದೋ ಅದೇ ದೊಡ್ಡಮನೆಯಾಗುತ್ತದೆ ಎಂಬ ಲೆಕ್ಕ ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ.

ಉಳಿದದ್ದು ಒಂದೇ ದಾರಿ, ಇಂಟರ್‌ನೆಟ್ಟಿನ ಮೂಲಕ ದೂರದ ಕಂಪನಿಯೊಂದರ ಜಾಗದಲ್ಲಿ ಇಡುವುದು. ನಮ್ಮ ಕಡೆ ಲೈನಿನ ಪಾಡು ಗೊತ್ತಲ್ಲ, ಮರ ಬಿದ್ದರೆ ಹೋಯಿತು, ಆನೆ ಕಂಬಕ್ಕೆ ಮೈ ಉಜ್ಜಿದರೆ ಹೋಯಿತು. ಆದರೂ ಅಂದಂದು ಬದಲಾದಷ್ಟು ಮಾತ್ರ ಹೋದರೆ ಸಾಕು, ನಿಧಾನವಾಗಿಯಾದರೂ ಹೋಗುತ್ತದೆ. ಒಂದು ವಿಷಯವನ್ನು ಮಾತ್ರ ನಾನು ಇಬ್ಬರು ಯಜಮಾನರಿಗೂ ಬಿಡಿಸಿ ಹೇಳಿದೆ. ಲೆಕ್ಕ ಇಲ್ಲಿಂದ ಹೊರಡುವಾಗಲೇ ಬೀಗ ಹಾಕಿಕೊಂಡು ಹೋಗುತ್ತದೆ, ಆ ಬೀಗಕ್ಕೆ ಪಾಸ್‌ವರ್ಡೇ ಕೀ, ಅದು ಮರೆತರೆ ಆ ಕಂಪನಿಯವರೂ ತೆರೆಯಲಾರರು.

"ಪಾಸ್‌ವರ್ಡು ಯಾರತ್ರ ಇರ್ತದೆ?" ಎಂದರು ಚಿಕ್ಕವರು. ಮತ್ತೆ ಶುರುವಾಯಿತು.

ಆಗ ಮ್ಯಾನೇಜರ್ ಜೇಬಿನ ಬೀಜವೊಂದನ್ನು ಕಚ್ಚಿ ಹೇಳಿದರು, ಸ್ಟೋರಿನ ಬಾಗಿಲ ಹಾಗೆ ಮಾಡೋಣ ಎಂದು. ಪಾಸ್‌ವರ್ಡಿನ ಮೊದಲರ್ಧ ದೊಡ್ಡ ಯಜಮಾನರು ಒತ್ತಲಿ, ಉಳಿದರ್ಧ ಚಿಕ್ಕವರು ಒತ್ತಲಿ. ಒಬ್ಬರದು ಇನ್ನೊಬ್ಬರಿಗೆ ಗೊತ್ತಾಗುವುದು ಬೇಡ. ಇಬ್ಬರೂ ಒಟ್ಟಿಗೆ ಬಂದರೆ ತೆರೆಯುತ್ತದೆ. ಅಣ್ಣತಮ್ಮಂದಿರು ಆ ವರ್ಷ ಒಪ್ಪಿದ ಮೊದಲ ಮಾತು ಅದು.

ನಾನು ಅವರನ್ನು ಹೊರಗೆ ಕರೆದು ಜಗಳವಾಡಿದೆ. "ಸ್ಟೋರಿನ ಕೀ ಕಳೆದ್ರೆ ಬೀಗ ಒಡೀಬಹುದು ಸರ್. ಇದನ್ನ ಒಡೆಯೋಕಾಗಲ್ಲ. ಒಬ್ರಿಗೆ ಏನಾದ್ರೂ ಆದ್ರೆ?"

"ಲಕೋಟೇಲಿ ಬರೆದು ಅಂಟ್ಸಿ ಇಡಾನ ಅಂದೆ, ಲಕೋಟೆ ಎಲ್ಲಿ ಇಡೋದು ಅಂತಾರೆ. ಏನ್ ಮಾಡ್ಲಿ ಹೇಳು?" ಆಮೇಲೆ ಮೆತ್ತಗೆ ಅಂದರು: "ಇಬ್ರೂ ಬಂದು ಒಂದು ಮೇಜಿನ ಮುಂದೆ ಕೂರ್ಲಿ ಕಣಯ್ಯ. ಅಷ್ಟಾದ್ರೆ ಸಾಕು ನಂಗೆ."

ಪಾಸ್‌ವರ್ಡು ಹಾಕಿದ ದಿನ ನಾಲ್ವರೂ ಆಫೀಸು ಕೋಣೆಯಲ್ಲಿದ್ದೆವು. ಮ್ಯಾನೇಜರ್ ಯಥಾಪ್ರಕಾರ ಗೋಡೆ ಕಡೆ ತಿರುಗಿ ರಸಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಓದಲು ಶುರುಮಾಡಿದರು. ನನ್ನನ್ನೂ ತೋಳು ಹಿಡಿದು ತಿರುಗಿಸಿದರು. ನಾನು ತಿರುಗುವ ಮುಂಚೆ ಕಂಡದ್ದು ಇಷ್ಟು: ದೊಡ್ಡ ಯಜಮಾನರು ಕೀಬೋರ್ಡಿನ ಮೇಲೆ ಬೆರಳಿಟ್ಟು, ಗೆಳೆಯನ ಬೆನ್ನು ನೋಡಿ, ಮೀಸೆಯಡಿ ನಗುತ್ತಿದ್ದರು. ಅವರಾದ ಮೇಲೆ ಚಿಕ್ಕವರು ಒತ್ತಿದರು. ಆಮೇಲೆ ಎಲ್ಲರಿಗೂ ಕಾಫಿ ಬಂತು.

ಆ ವರ್ಷದ ಕುಯ್ಲಿನಲ್ಲಿ ಇನ್ನೊಂದು ಹೊಸದು ನಡೆಯಿತು. ಸಣ್ಣ ಬೆಳೆಗಾರರ ಒಳ್ಳೆಯ ಕಾಫಿಯನ್ನು ಬೇರೆ ಬೇರೆಯಾಗಿ, ಅವರವರ ಹೆಸರಿನಲ್ಲೇ ಕೊಳ್ಳುತ್ತೇವೆ ಎಂದು ವ್ಯಾಪಾರಿಯೊಬ್ಬರು ಬಂದರು. ಅದುವರೆಗೆ ಎಕರೆ ಎರಡೆಕರೆಯವರ ಕಾಫಿ ಎಲ್ಲ ಸೇರಿ ಒಂದೇ ರಾಶಿ. ಮ್ಯಾನೇಜರ್ ಸ್ಕೂಟರಿನಲ್ಲಿ ಮನೆಮನೆಗೆ ಹೋಗಿ, ಹಣ್ಣು ಮಾತ್ರ ಕುಯ್ಯಿರಿ, ನಿಮ್ಮದನ್ನು ಬೇರೆಯಾಗಿಯೇ ಇಡುತ್ತೇನೆ ಎಂದು ಮಾತು ಕೊಟ್ಟರು. ಬಿಸ್ಲೆ ರಸ್ತೆಯ ಹೊಂಗಡಹಳ್ಳದ ಗೌರಮ್ಮ ಅಂಥವರಲ್ಲೊಬ್ಬರು. ಗಂಡ ತೀರಿಕೊಂಡ ಮೇಲೆ, ಹೆಂಗಸಿನ ಕೈಲಿ ತೋಟ ಆಗುತ್ತದೆಯೇ ಎಂದು ಮೈದುನಂದಿರು ಆಡಿಕೊಳ್ಳುತ್ತಿದ್ದ ತೋಟ ಅದು. ಆಯಮ್ಮ ಒಂದೊಂದೇ ಹಣ್ಣು ಆರಿಸಿ, ಹಳೆಯ ಸೀರೆ ಹಾಸಿ ಒಣಗಿಸಿ ತಂದಿದ್ದರು. "ಚೀಲದ ಮ್ಯಾಲೆ ನನ್ನ ಹೆಸ್ರು ಬರೀತಾರಂತೆ, ಹೌದಾ?" ಎಂದು ನನ್ನನ್ನೂ ಕೇಳಿದರು. ನಾನು ಕಂಪ್ಯೂಟರಿನವನು, ನನಗೆಲ್ಲ ಗೊತ್ತು ಎಂದು ಅವರ ನಂಬಿಕೆ.

ರುಚಿ ನೋಡುವವರು ಬಂದು ಎಲ್ಲರ ಕಾಫಿಗೂ ದರ್ಜೆ ಕೊಟ್ಟು ಹೋದರು. ಕಾಫಿ ಮೆಷಿನ್ನಿಗೆ ಹೋಗಿ ಬಂದ ಮೇಲೆ ಚೀಲಕ್ಕೆ ಹೊಸ ನಂಬರು ಬೀಳುತ್ತದೆ. ಯಾವ ನಂಬರು ಯಾರದು, ಯಾರದಕ್ಕೆ ಯಾವ ದರ್ಜೆ, ಇದೆಲ್ಲ ಇದ್ದುದು ಕಂಪ್ಯೂಟರಿನಲ್ಲಿ ಮಾತ್ರ. ಪುಸ್ತಕದಲ್ಲೂ ಬರೆಯುವುದನ್ನು ಎರಡೆರಡು ಕೆಲಸವೆಂದು ಚಿಕ್ಕ ಯಜಮಾನರು ನಿಲ್ಲಿಸಿದ್ದರು. ಪಟ್ಟಿ ಅಚ್ಚು ಹಾಕಿ ಬೆಳೆಗಾರರಿಗೆ ಕೊಡುವುದು ಮುಂದಿನ ವಾರದ ಕೆಲಸವಾಗಿತ್ತು.

ಅದಕ್ಕೆ ಸ್ವಲ್ಪ ಮುಂಚೆ ದೊಡ್ಡ ಯಜಮಾನರಿಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಕಣದಲ್ಲಿ ಆ ಗಂಟಲಿಲ್ಲದೆ ಎಲ್ಲರೂ ಪಿಸುಮಾತಿನಲ್ಲಿ ಓಡಾಡುತ್ತಿದ್ದರು. ಆ ಗಾಬರಿಯಲ್ಲಿ ಪಾಸ್‌ವರ್ಡು ಯಾರಿಗೆ ನೆನಪಾಗಬೇಕು? ಆಮೇಲೆ ಬೇಸಿಗೆಯ ಮೊದಲ ಗುಡುಗು ಮಳೆ ಬಂತು. ಸಿಡಿಲು ಲೈನಿನಲ್ಲಿಳಿದು ಸರ್ವರನ್ನೂ ಪಕ್ಕದ ಡಿಸ್ಕನ್ನೂ ಒಟ್ಟಿಗೇ ಸುಟ್ಟಿತು. ನಾನು ಹೆದರಿಸುತ್ತಿದ್ದ ಮಾತು ಅಕ್ಷರಶಃ ನಡೆದಾಗ ನನಗೇನೂ ಸಂತೋಷವಾಗಲಿಲ್ಲ.

ದೂರದ ನಕಲು ಭದ್ರವಾಗಿತ್ತು. ಅದಕ್ಕೇನೂ ಆಗಿರಲಿಲ್ಲ. ತೆರೆಯಲು ಎರಡು ಅರ್ಧ ಬೇಕಿತ್ತು.

ಲ್ಯಾಪ್‌ಟಾಪು ಹಿಡಿದು ಹೆಗ್ಗದ್ದೆಗೆ ಹೋದೆವು, ಮ್ಯಾನೇಜರ್, ಚಿಕ್ಕ ಯಜಮಾನರು, ನಾನು. ದೊಡ್ಡವರನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ವಿಷಯ ಹೇಳಿದಾಗ ಅರ್ಥವಾಯಿತು, ಕಣ್ಣಲ್ಲೇ ಗೊತ್ತಾಯಿತು. ಎಡಗೈಯನ್ನು ಎತ್ತಿ ಕೀಬೋರ್ಡಿನ ಮೇಲೆ ಇಟ್ಟೆವು.

ಮ್ಯಾನೇಜರ್ ಎದ್ದು ಗೋಡೆ ಕಡೆ ತಿರುಗಿದರು.

"ಮ್ಯಾನೇಜ್ರೇ, ಇದೇನ್ರೀ, ಈಗ್ಲಾದ್ರೂ ನೋಡ್ರಿ! ಯಾವ್ ಅಕ್ಷರ ಒತ್ತುತಾರೆ ನೋಡ್ಕಳ್ರಿ!" ಚಿಕ್ಕವರು ಕೂಗಿಯೇಬಿಟ್ಟರು. ಇವರು ತಿರುಗಲಿಲ್ಲ. ಔಷಧಿ ಅಂಗಡಿಯ ಕ್ಯಾಲೆಂಡರೊಂದು ಅಲ್ಲಿತ್ತು. ಓದತೊಡಗಿದರು. ಬುಧವಾರ ಎನ್ನುವಾಗ ಧ್ವನಿ ಒಡೆಯಿತು. ನಿಲ್ಲಿಸಿ, ಮತ್ತೆ ಬುಧವಾರದಿಂದಲೇ ಓದಿದರು.

ನಾನು ನೋಡಿದೆ. ನಾಚಿಕೆ ಬಿಟ್ಟು ನೋಡಿದೆ. ಆ ಬೆರಳು ಅಕ್ಷರಗಳ ಮೇಲೆ ಅಲೆದಾಡಿತು. ಒಂದನ್ನೇ ಮತ್ತೆ ಮತ್ತೆ ಒತ್ತಿತು, ಬೇರೆ ಎಲ್ಲೋ ಜಾರಿತು. ಲಕ್ವ ಅಕ್ಷರವನ್ನೂ ಕಲಸಿಹಾಕುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದರು. ಬಾಯಿಂದ ಬಂದದ್ದು ಬರೀ ಆ, ಆ ಎಂಬ ಸದ್ದು. ಕೊನೆಗೆ ಅವರು ಕೈಯನ್ನು ಕೀಬೋರ್ಡಿನಿಂದ ಎತ್ತಿ ಮ್ಯಾನೇಜರ ಬೆನ್ನಿನ ಕಡೆ ಚಾಚಿದರು. ಕಣ್ಣಲ್ಲಿ ನೀರಿಳಿಯುತ್ತಿತ್ತು. ನೀನಾದರೂ ಇತ್ತ ತಿರುಗೋ ಎಂದು ಗೆಳೆಯನನ್ನು ಕರೆಯುತ್ತಿದ್ದಾರೆ ಎಂದುಕೊಂಡೆವು. ಮ್ಯಾನೇಜರ್ ಕ್ಯಾಲೆಂಡರ್ ಓದುತ್ತಲೇ ಇದ್ದರು.

ಚಿಕ್ಕ ಯಜಮಾನರು "ಇನ್ನೇನು ಗುಟ್ಟು" ಎಂದು ತಮ್ಮ ಅರ್ಧವನ್ನು ನನಗೆ ಬಾಯಿಬಿಟ್ಟು ಹೇಳಿ ಎದ್ದುಹೋದರು. ಅದನ್ನಿಟ್ಟುಕೊಂಡು ನಾನು ಮನೆದೇವರ ಹೆಸರು, ಹೆಂಡತಿ ಮಕ್ಕಳ ಹೆಸರು, ಎಸ್ಟೇಟಿನ ಹೆಸರು, ಸತ್ತ ನಾಯಿಯ ಹೆಸರು ಎಲ್ಲ ಹಾಕಿ ನೋಡಿದೆ. ಯಾವುದೂ ಅಲ್ಲ.

ವಾಪಸು ಬರುವಾಗ ಜೀಪಿನಲ್ಲಿ ಕೇಳಿದೆ. ಸಿಟ್ಟು ಬಂದಿತ್ತು ನನಗೆ. "ಈಗಲೂ ತಿರುಗಿ ನಿಲ್ಲಬೇಕಿತ್ತಾ ಸರ್?"

"ಕೈ ಕಾಲು ಬಿದ್ದೋಗಿರೋನ ಬೀಗ ಅಂತ ನೋಡ್ಬುಟ್ರೆ, ಇಷ್ಟ್ ವರ್ಷ ತಿರುಗಿ ನಿಂತಿದ್ದು ನಾಟ್ಕ ಆಗಲ್ವೇನೋ?" ಎಂದರು. ಜೇಬಿಗೆ ಕೈ ಹಾಕಿದರು, ಬೀಜ ತೆಗೆದರು, ಬಾಯಿಗೆ ಹಾಕಲಿಲ್ಲ.

ಯಾವ ಚೀಲದ ಕಾಫಿ ಒಳ್ಳೆಯದು ಎಂದು ಮತ್ತೆ ರುಚಿ ನೋಡಿ ಹೇಳಬಹುದಿತ್ತು. ಅದು ಯಾರದೆಂದು ಹೇಳಲು ಯಾವ ನಾಲಗೆಗೂ ಸಾಧ್ಯವಿರಲಿಲ್ಲ. ವ್ಯಾಪಾರಿ ಕಾಯಲಿಲ್ಲ. ಎಲ್ಲರ ಕಾಫಿಯೂ ಹಿಂದಿನಂತೆ ಒಂದೇ ರಾಶಿಯಾಗಿ ಹೋಯಿತು. ಮ್ಯಾನೇಜರ್ ಮತ್ತೆ ಸ್ಕೂಟರಿನಲ್ಲಿ ಮನೆಮನೆಗೆ ಹೋಗಿ ಹೇಳಿಬಂದರು. ಹೊಂಗಡಹಳ್ಳಕ್ಕೆ ನನ್ನನ್ನೂ ಕರೆದೊಯ್ದರು, ಕಂಪ್ಯೂಟರಿನ ವಿಷಯ ನಾನೇ ಬಿಡಿಸಿ ಹೇಳಲಿ ಎಂದು. ನಾನು ಏನೇನೋ ಹೇಳಿದೆ. ಗೌರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಂದು ಚೆನ್ನಾಗಿತ್ತಾ, ಅಷ್ಟ್ ಹೇಳಿ ಸಾಕು" ಎಂದರು.

ಎಲ್ಲದಕ್ಕೂ ನೋಡಾನ ಬುಡು ಎನ್ನುತ್ತಿದ್ದ ಮನುಷ್ಯ ನೆಲ ನೋಡುತ್ತಾ ಕೂತರು. ಚೆನ್ನಾಗಿತ್ತು ಎಂದು ಸುಳ್ಳು ಹೇಳಬಹುದಿತ್ತು. "ಗೊತ್ತಿಲ್ಲ ಕಣವ್ವ" ಎಂದರು. ಆಯಮ್ಮ ತಮ್ಮ ತೋಟದ ಕಾಫಿಯನ್ನೇ ಕಾಸಿ ತಂದುಕೊಟ್ಟರು. ಮ್ಯಾನೇಜರ ಲೋಟ ಹಾಗೇ ಆರಿಹೋಯಿತು.

ಆ ಮಳೆಗಾಲದಲ್ಲೇ ಅವರು ಕೆಲಸ ಬಿಟ್ಟರು. ಅಣ್ಣತಮ್ಮಂದಿರ ಪಾಲಾಯಿತು. ಆಲೂರಿನ ಹತ್ತಿರದ ತಮ್ಮ ಊರಿನಲ್ಲಿದ್ದ ಮ್ಯಾನೇಜರಿಗೆ ನಾನು ಆಗಾಗ ಫೋನು ಮಾಡಿದರೆ, ಆರೋಗ್ಯ ಕೇಳುವ ಮೊದಲೇ "ತೆಗೀತಾ?" ಎನ್ನುತ್ತಿದ್ದರು. "ಇಲ್ಲ ಸರ್" ಎನ್ನುತ್ತಿದ್ದೆ. ಒಂದು ಬೆಳಿಗ್ಗೆ ಹಿತ್ತಿಲಿನಲ್ಲಿ ಮುಖ ತೊಳೆಯುತ್ತಾ ಕುಸಿದರಂತೆ. ಅಷ್ಟೇ.

ಶಿವಗಣಾರಾಧನೆಗೆ ದೊಡ್ಡ ಯಜಮಾನರನ್ನು ಗಾಲಿಕುರ್ಚಿಯಲ್ಲಿ ಕರೆತಂದಿದ್ದರು. ಮಾತು ಅಷ್ಟಿಷ್ಟು ಮರಳಿತ್ತು. ಅವರು ಗೆಳೆಯನ ಫೋಟೋ ಮುಂದೆ ಬಹಳ ಹೊತ್ತು ಕೂತಿದ್ದರು. ನಾನು ಹೋಗಿ ನಮಸ್ಕಾರ ಮಾಡಿದಾಗ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡರು. ಫೋಟೋ ನೋಡುತ್ತಾ ಆ ಹೆಸರು ಹೇಳಿದರು, ಕಣದಲ್ಲಿ ಕೂಗುತ್ತಿದ್ದ ಹೆಸರು, ಪೂರ್ತಿಯಾಗಿ, ಸ್ಪಷ್ಟವಾಗಿ. ಆಮೇಲೆ ತಡವರಿಸುತ್ತಾ, "ಅದೇ... ಅದೇ ಹಾಕಿದ್ದೆ ಕಣೋ. ಕೈ ತೋರ್ಸಿದ್ನಲ್ಲ ಅವತ್ತು. ತಿರುಗ್ಲೇ ಇಲ್ಲ ಅವ್ನು."

ನಾನು ಊಟಕ್ಕೆ ಕೂರಲಿಲ್ಲ. ಅಂಗಡಿಗೆ ಬಂದು ಆ ಹೆಸರು ಹಾಕಿ, ಚಿಕ್ಕವರ ಅರ್ಧ ಸೇರಿಸಿದೆ. ಒಂದು ಅಕ್ಷರ ತಪ್ಪಿತ್ತು, ತಿದ್ದಿದೆ. ತೆರೆಯಿತು. ಎಲ್ಲ ಇತ್ತು, ಎಲ್ಲರ ಹೆಸರು, ಎಲ್ಲರ ಚೀಲ. ಯಾರಿಗೂ ಇನ್ನು ಬೇಕಿಲ್ಲದ ಲೆಕ್ಕ. ಆ ಪಾಸ್‌ವರ್ಡು ಬದಲಾಯಿಸಬಹುದಿತ್ತು. ಬದಲಾಯಿಸಿಲ್ಲ. ಅದಕ್ಕೇ ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಗೌರಮ್ಮನ ಹೆಸರಿನ ಮುಂದೆ ಎಲ್ಲರಿಗಿಂತ ಮೇಲಿನ ದರ್ಜೆ ಇತ್ತು. ತಕ್ಷಣ ಫೋನು ಮಾಡಿದೆ. "ಅಮ್ಮಾ, ಆ ವರ್ಷದ ನಿಮ್ಮ ಕಾಫಿನೇ ಎಲ್ಲರಿಗಿಂತ ಚೆನ್ನಾಗಿತ್ತು, ಈಗ ಸಿಕ್ತು" ಎಂದೆ. ಸಾವಿನ ಸುದ್ದಿ ಹೊಂಗಡಹಳ್ಳಕ್ಕೆ ಇನ್ನೂ ತಲುಪಿರಲಿಲ್ಲ.

"ನಂಗಿರ್ಲಿ ಬುಡಿ, ಮ್ಯಾನೇಜ್ರಿಗೆ ಹೇಳುದ್ರಾ? ಮೊದ್ಲು ಅವ್ರಿಗೊಂದು ಫೋನ್ ಮಾಡಿ ಹೇಳ್ಬುಡಿ ಮಾರಾಯ್ರೇ. ಬೋ ನೊಂದ್ಕಂಡಿದ್ರು, ಪಾಪ."

ಅಂಗಡಿಯಲ್ಲಿ ಗಿರಾಕಿಗಳಿದ್ದರು. ನಾನು ಫೋನು ಕಿವಿಗಿಟ್ಟುಕೊಂಡೇ ಗೋಡೆ ಕಡೆ ತಿರುಗಿ ನಿಂತೆ.